ಟೈಲರ್ ಬೆನ್ನಿಗೆ ಬೇಕಾದ ಯೋಗವೇ ಬೇರೆ

ಟೈಲರ್ ಕೆಲಸದಲ್ಲಿ ಮೈ ಬಾಗುವುದು ಒಂದೇ ಕಡೆ, ಮುಂದಕ್ಕೆ. ಕಟಿಂಗ್ ಮಾಡುವಾಗ ಟೇಬಲ್ ಮೇಲೆ ಬಗ್ಗಬೇಕು. ಮೆಷಿನ್ ಮುಂದೆ ಕೂತರೆ ಕಣ್ಣು ಸೂಜಿಯ ಹತ್ತಿರ ಹೋಗುತ್ತದೆ, ಅದರ ಹಿಂದೆ ಕುತ್ತಿಗೆಯೂ ಹೋಗುತ್ತದೆ. ಹೆಮ್ಮಿಂಗ್, ಹುಕ್ಸು, ಸೀರೆ ಕುಚ್ಚು ಎಲ್ಲ ತೊಡೆಯ ಮೇಲಿಟ್ಟುಕೊಂಡು ಮಾಡುವ ಕೆಲಸ. ಆಗಂತೂ ಗದ್ದ ಎದೆಗೆ ತಾಗುವುದೊಂದು ಬಾಕಿ. ಉಡುಪಿಯಲ್ಲಿ ನನ್ನದೊಂದು ಸಣ್ಣ ಅಂಗಡಿ, ಬ್ಲೌಸ್ ಮತ್ತು ಚೂಡಿದಾರ್ ಜಾಸ್ತಿ. ಸಂಜೆ ಶಟರ್ ಎಳೆಯುವ ಹೊತ್ತಿಗೆ ಕೈ ಎತ್ತಿ ಕೂದಲು ಕಟ್ಟಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ.

ಡಾಕ್ಟರು ನೋಡಿ, ಡಿಸ್ಕ್ ತೊಂದರೆ ಏನಿಲ್ಲ, ಸ್ನಾಯು ಬಿಗಿದಿದೆ ಅಷ್ಟೆ ಎಂದರು. ನೋವಿನ ಮಾತ್ರೆ ಎಷ್ಟು ಸಮಯ ಅಂತ ನುಂಗುವುದು? ನಮ್ಮ ಬದಿಯ ಭಜನಾ ಮಂದಿರದ ಹಾಲ್‌ನಲ್ಲಿ ಬೆಳಗ್ಗೆ ಯೋಗ ಕಲಿಸುತ್ತಾರೆ. ಅಲ್ಲಿಗೆ ಹೋಗಲು ಶುರು ಮಾಡಿದೆ.

ಕಲಿಸುವ ಮಾಸ್ಟ್ರು ಮೊದಲು ಕೇಳಿದ್ದು ನೋವು ಎಲ್ಲಿ ಅಂತ ಅಲ್ಲ. "ನೀವು ಎಂತ ಕೆಲಸ ಮಾಡುವುದು?" ಅಂತ. ಹೇಳಿದೆ. "ಹಾಗಾದರೆ ಬಗ್ಗುವ ಆಸನ ಸದ್ಯಕ್ಕೆ ಬೇಡ, ಅದನ್ನು ನೀವು ದಿನವಿಡೀ ಮಾಡ್ತಾ ಇದ್ದೀರಲ್ಲ" ಎಂದು ನಕ್ಕರು. ಎಲ್ಲರೂ ಕಾಲು ಚಾಚಿ ಮುಂದಕ್ಕೆ ಬಗ್ಗುವ ಪಶ್ಚಿಮೋತ್ತಾನಾಸನ ಮಾಡುವಾಗ ನನಗೆ ಮಾತ್ರ ಕವುಚಿ ಮಲಗಿ ಎದೆ ಎತ್ತುವ ಭುಜಂಗಾಸನ, ಕಾಲು ಎತ್ತುವ ಶಲಭಾಸನ. ಆಮೇಲೆ ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವ ಸೇತುಬಂಧಾಸನ. ಕೂತು ಕೂತು ತೊಡೆಯ ಮುಂಭಾಗ ಬಿಗಿಯುತ್ತದೆ, ಬೆನ್ನಿನ ಸ್ನಾಯು ಸದಾ ಎಳೆದುಕೊಂಡೇ ಇದ್ದು ಸೋಲುತ್ತದೆ. ಈ ಮೂರರಲ್ಲಿ ಮುಂಭಾಗ ಬಿಡಿಸಿಕೊಳ್ಳುತ್ತದೆ, ಬೆನ್ನಿಗೆ ಬಲ ಬರುತ್ತದೆ. ನನಗೆ ಇಡೀ ಯೋಗದಲ್ಲಿ ಅರ್ಥವಾದ ದೊಡ್ಡ ಸಂಗತಿ ಇದೇ: ಕೆಲಸ ಮೈಯನ್ನು ಯಾವ ಕಡೆಗೆ ಎಳೆಯುತ್ತದೋ, ಆಸನ ಅದರ ಉಲ್ಟಾ ಇರಬೇಕು.

ಹೆಗಲಿಗೆ ಗೋಮುಖಾಸನದ ಕೈ ಹೇಳಿಕೊಟ್ಟರು. ಒಂದು ಕೈ ಮೇಲಿನಿಂದ, ಇನ್ನೊಂದು ಕೆಳಗಿನಿಂದ ಬೆನ್ನ ಹಿಂದೆ ಹೋಗಿ ಬೆರಳು ಕೂಡಬೇಕು. ನನ್ನದು ಎಲ್ಲಿ ಕೂಡುತ್ತದೆ! ನಡುವೆ ಗೇಣುದ್ದ ಜಾಗ. ಬೆಲ್ಟ್ ಹಿಡಿಯಿರಿ ಎಂದರು. ಬೆಲ್ಟು, ಕುರ್ಚಿ, ಮರದ ತುಂಡು ಇಟ್ಟುಕೊಂಡು ಆಸನ ಮಾಡುವುದನ್ನು ಲೋಕಕ್ಕೆಲ್ಲ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು. ನನ್ನ ಹತ್ತಿರ ಬೆಲ್ಟ್ ಇಲ್ಲ, ಸೀರೆಗೆ ಹಾಕುವ ಫಾಲ್ ಬೇಕಾದಷ್ಟಿದೆ. ಒಂದು ಫಾಲನ್ನು ಎರಡು ಮಡಿಕೆ ಮಾಡಿ ಹೊಲಿದಿಟ್ಟೆ. ಹತ್ತಿ ಬಟ್ಟೆ, ಜಾರುವುದಿಲ್ಲ, ಅಂಗೈಗೆ ಒತ್ತುವುದೂ ಇಲ್ಲ. ಟೈಲರ್‌ಗಳು ಯಾರಾದರೂ ಓದುತ್ತಿದ್ದರೆ ಒಂದು ಮಾತು: ಅಳತೆ ಟೇಪನ್ನು ಮಾತ್ರ ಇದಕ್ಕೆ ಹಿಡಿಯಬೇಡಿ. ಎಳೆದೂ ಎಳೆದೂ ಅದು ಉದ್ದವಾದರೆ ಆಮೇಲೆ ಊರಿನ ಬ್ಲೌಸೆಲ್ಲ ಬಿಗಿ!

ಬೆಳಗ್ಗಿನ ಒಂದು ಗಂಟೆಯಿಂದ ಒಳ್ಳೆಯದಾಯಿತು, ನಿಜ. ಆದರೆ ಅಂಗಡಿಯಲ್ಲಿ ಕಳೆಯುವ ಹೊತ್ತು ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಮೊದಲು ಕಟಿಂಗ್ ಟೇಬಲ್ ಕಾಲಿನ ಕೆಳಗೆ ಮರದ ತುಂಡು ಕೊಟ್ಟು ಎತ್ತರ ಮಾಡಿಸಿದೆ. ಮೆಷಿನ್ ಸ್ಟೂಲ್ ಬದಲಾಯಿಸಿದೆ. ಸೂಜಿಯ ಹತ್ತಿರ ಒಂದು ಲೈಟ್ ಬಂತು. ತಗ್ಗು ಟೇಬಲ್ ಮೇಲೆ ದಿನವಿಡೀ ಬಗ್ಗಿ, ಬೆಳಗ್ಗೆ ಯೋಗ ಮಾಡಿದೆ ಎಂದರೆ ಬೆನ್ನು ಕೇಳುವುದಿಲ್ಲ. ಯೋಗ ಕಲಿಸುವವರು ಈ ಮಾತನ್ನು ಇನ್ನೂ ಜೋರಾಗಿ ಹೇಳಬೇಕು ಅಂತ ನನಗನಿಸುತ್ತದೆ.

ಆಮೇಲೆ ಬಾಬಿನ್. ಬಾಬಿನ್‌ನಲ್ಲಿ ನೂಲು ಮುಗಿದಾಗ ಹೇಗೂ ಮೆಷಿನ್ ನಿಲ್ಲಿಸಲೇಬೇಕಲ್ವಾ? ಆಗ ಎದ್ದು ನಿಲ್ಲುತ್ತೇನೆ. ಎರಡೂ ಅಂಗೈ ಕಟಿಂಗ್ ಟೇಬಲ್ ಮೇಲೆ ಊರಿ, ಹೆಜ್ಜೆ ಹಿಂದೆ ಹಿಂದೆ ಇಟ್ಟು, ಬೆನ್ನು ಟೇಬಲ್ ಮಟ್ಟಕ್ಕೆ ಬರುವ ಹಾಗೆ ಉದ್ದ ಮಾಡುತ್ತೇನೆ. ಕಿವಿ ತೋಳುಗಳ ನಡುವೆ, ಮಂಡಿ ಬೇಕಾದರೆ ಸ್ವಲ್ಪ ಮಡಚಿದರೂ ಸರಿ. ನಾಲ್ಕೈದು ಉಸಿರು ಸಾಕು. ನೆಟ್ಟಗೆ ನಿಂತು ರಸ್ತೆಯಾಚೆಯ ತೆಂಗಿನ ಮರದ ತುದಿ ನೋಡುತ್ತೇನೆ. ಹತ್ತಿರದ್ದನ್ನೇ ನೋಡಿ ದಣಿದ ಕಣ್ಣಿಗೆ ದೂರದ್ದು ಬೇಕು. ಹೊಲಿಗೆ ಕಲಿಯಲು ಬರುವ ಹುಡುಗಿ ಬಲು ಚುರುಕು. ನನಗೆ ಉಪಕಾರವಾಗಲಿ ಅಂತ ಬೆಳಗ್ಗೆಯೇ ರಾಶಿ ಬಾಬಿನ್ ಸುತ್ತಿ ಮೆಷಿನ್ ಪಕ್ಕದಲ್ಲೇ ಇಡುತ್ತಿದ್ದಳು. ಆ ಡಬ್ಬಿಯನ್ನು ಈಗ ಮೇಲಿನ ಶೆಲ್ಫಿಗೆ ಏರಿಸಿದ್ದೇನೆ. ಎದ್ದು ಕೈ ಚಾಚದೆ ಸಿಗುವುದಿಲ್ಲ.

ಉಸಿರಿನದ್ದು ಇನ್ನೊಂದು ಕಥೆ. ಸೂಜಿಗೆ ನೂಲು ಪೋಣಿಸುವಾಗ ನೀವೇ ಗಮನಿಸಿ, ಉಸಿರು ನಿಂತಿರುತ್ತದೆ. ಕುತ್ತಿಗೆಪಟ್ಟಿ ತಿರುಗಿಸುವಾಗಲೂ ಅಷ್ಟೆ, ಪೈಪಿಂಗ್ ಕೂರಿಸುವಾಗಲೂ ಅಷ್ಟೆ. ಉಸಿರು ಕಟ್ಟಿದಾಗ ಹೆಗಲು ಕಿವಿಯ ಹತ್ತಿರ ಬಂದು ಕೂರುತ್ತದೆ. ಈಗ ನೂಲು ಪೋಣಿಸುವುದನ್ನು ಉಸಿರು ಬಿಡುತ್ತಾ ಮಾಡುತ್ತೇನೆ. ಉಸಿರು ತೆಗೆದುಕೊಳ್ಳುವುದಕ್ಕಿಂತ ಬಿಡುವುದು ನಿಧಾನವಾದರೆ ಎದೆಬಡಿತವೂ ಇಳಿಯುತ್ತದೆ. ಇದು ಗಿರಾಕಿಗಳ ಎದುರೂ ಉಪಯೋಗಕ್ಕೆ ಬರುತ್ತದೆ. "ಅಕ್ಕ, ಕಳೆದ ವರ್ಷದ ಅಳತೆಗೇ ಹೊಲಿಯಿರಿ ಅಂದಿದ್ದೆ, ಇದು ಹೇಗೆ ಬಿಗಿಯಾಯ್ತು?" ಎಂದು ಕೇಳುವವರಿಗೆ ಉತ್ತರ ಹೇಳುವ ಮೊದಲು ಒಂದು ಉದ್ದದ ಉಸಿರು ಬಿಡಲೇಬೇಕು. ಬಿಟ್ಟ ಮೇಲೆ, "ಒಳಗೆ ಬಟ್ಟೆ ಬಿಟ್ಟಿದ್ದೇನೆ, ಅರ್ಧ ಇಂಚು ಬಿಚ್ಚಿ ಕೊಡುತ್ತೇನೆ" ಎಂಬ ಮಾತು ಮಾತ್ರ ಹೊರಗೆ ಬರುತ್ತದೆ. ದುಂಬಿಯ ಹಾಗೆ ಸದ್ದು ಮಾಡುತ್ತಾ ಉಸಿರು ಬಿಡುವ ಭ್ರಾಮರಿ ಪ್ರಾಣಾಯಾಮದಿಂದ ಇನ್ನೂ ಚೆನ್ನಾಗಿ ಸಮಾಧಾನ ಸಿಗುತ್ತದೆ, ಆದರೆ ಅಂಗಡಿಯಲ್ಲಿ ಕೂತು ಗುಂಯ್ ಅಂದರೆ ಜನ ಏನೆಂದುಕೊಂಡಾರು. ಅದು ಮನೆಗೆ.

ನಮ್ಮ ತರಗತಿಗೆ ಹೋಟೆಲಿನಲ್ಲಿ ದೋಸೆ ಕಾವಲಿ ಎದುರು ನಿಲ್ಲುವ ಅಣ್ಣ ಒಬ್ಬರು ಬರುತ್ತಾರೆ. ಅವರಿಗೆ ಬೆನ್ನಲ್ಲ, ಮೀನಖಂಡದ ನೋವು. ರಾತ್ರಿ ಮಲಗುವ ಮುಂಚೆ ಗೋಡೆಗೆ ಕಾಲೊರಗಿಸಿ ಮಲಗುವುದೇ ಅವರ ಮುಖ್ಯ ಆಸನ. ಪಕ್ಕದ ಮನೆಯಾಕೆ ಬೀಡಿ ಕಟ್ಟುತ್ತಾರೆ. ಕುತ್ತಿಗೆಯ ಕಷ್ಟ ನನ್ನದೇ, ಜೊತೆಗೆ ಬೆರಳು, ಮಣಿಕಟ್ಟು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ ಇರುವಾಗ ತರಗತಿಗೆ ಬನ್ನಿ ಅಂತ ಕರೆಯುವುದು ಸುಲಭ, ಬರುವುದು ಕಷ್ಟ. ಎಲೆ ನೆನೆಸಿಟ್ಟ ಹೊತ್ತಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು ಕೈ ಮೇಲೆತ್ತಿ, ಬೆರಳು ಬಿಡಿಸಿ ಮಡಚಿ, ಅಷ್ಟು ಮಾಡುತ್ತಾರೆ. ಅಷ್ಟಾದರೂ ಆಯಿತಲ್ಲ.

ಯೋಗ ಮಾಡಿದರೆ ಶುಗರ್ ಹೋಗುತ್ತದೆ, ಮಾತ್ರೆ ಬಿಡಬಹುದು ಅಂತ ಹೇಳುವವರು ನಮ್ಮಲ್ಲೂ ಇದ್ದಾರೆ. ನಾನು ಆ ಮಾತಿಗೆ ತಲೆದೂಗುವುದಿಲ್ಲ. ತುಂಬ ಸಮಯದಿಂದ ಕಾಡುವ ಸೊಂಟನೋವಿಗೆ ಔಷಧಿಗಿಂತ ಮೊದಲು ಪ್ರಯತ್ನಿಸಬಹುದಾದವುಗಳಲ್ಲಿ ಯೋಗವೂ ಒಂದು ಎಂದು ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲೇ ತನ್ನ ಮಾರ್ಗಸೂಚಿಯಲ್ಲಿ ಸೇರಿಸಿದೆ. ಅದಕ್ಕೆ ಅಂಥ ಬೆಲೆ ಇದೆ. ಹಾಗಂತ ಬಿಪಿ ಜಾಸ್ತಿ ಇರುವವರು, ಕಣ್ಣಿನ ಗ್ಲಾಕೋಮಾ ಇರುವವರು ಮೊಬೈಲ್ ನೋಡಿ ಶೀರ್ಷಾಸನಕ್ಕೆ ಇಳಿಯಬಾರದು. ಕಾಲಿಗೆ ಜೋಮು ಇಳಿಯುವ ಸೊಂಟನೋವಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಯೋಗ, ಪ್ರಕೃತಿ ಚಿಕಿತ್ಸೆಯನ್ನೇ ಓದಿದ ಡಾಕ್ಟರುಗಳಿಗೆ ನಮ್ಮಲ್ಲಿ ಬರ ಇಲ್ಲ. ಉಜಿರೆಯಲ್ಲಿ ಅದರದ್ದೇ ಕಾಲೇಜಿದೆ, ಇಲ್ಲೇ ಪರೀಕದಲ್ಲಿ ಆಸ್ಪತ್ರೆ ಇದೆ.

ಮಳೆಗಾಲದ ಬಗ್ಗೆ ಹೇಳದಿದ್ದರೆ ಕರಾವಳಿಯ ಯೋಗ ಪೂರ್ತಿ ಆಗುವುದಿಲ್ಲ. ರಬ್ಬರ್ ಮ್ಯಾಟ್ ಸುತ್ತಿ ಮೂಲೆಯಲ್ಲಿಟ್ಟರೆ ಬೂಸಲು ಹಿಡಿಯುತ್ತದೆ. ನಾನು ದಪ್ಪ ಜಮಖಾನ ಬಳಸುತ್ತೇನೆ, ಬಿಸಿಲು ಬಂದ ದಿನ ಒಣಗಿಸಬಹುದು. ಜೂನ್ 21ರ ಯೋಗ ದಿನ 2015ರಲ್ಲಿ ಶುರುವಾಯಿತಲ್ಲ, ಅದು ಬರುವುದು ಸರಿಯಾಗಿ ನಮ್ಮ ಜಡಿಮಳೆಯಲ್ಲಿ. ಶಾಲೆ ಯೂನಿಫಾರ್ಮಿನ ಗಡಿಬಿಡಿಯೂ ಆಗಲೇ. ಬಿಳಿ ಟೀ ಶರ್ಟ್ ಹಾಕಿ ಫೋಟೋಕ್ಕೆ ನಿಲ್ಲುವ ಭಾಗ್ಯ ನನಗೆ ಇಲ್ಲಿವರೆಗೆ ಸಿಕ್ಕಿಲ್ಲ.

ಅಷ್ಟಮಿಯಿಂದ ದೀಪಾವಳಿವರೆಗೆ, ಆಮೇಲೆ ಮದುವೆ ಸೀಸನ್‌ನಲ್ಲಿ, ತರಗತಿ ಆಗಾಗ ತಪ್ಪುತ್ತದೆ. ರಾತ್ರಿ ಹನ್ನೊಂದರವರೆಗೆ ಹುಕ್ಸ್ ಹಾಕಿದವಳಿಗೆ ಬೆಳಗ್ಗೆ ಐದೂವರೆಗೆ ಏಳುವುದಕ್ಕಿಂತ ನಿದ್ರೆಯೇ ದೊಡ್ಡದು ಎನ್ನುವುದು ನನ್ನ ಲೆಕ್ಕ. ಆ ದಿನಗಳಲ್ಲಿ ಎರಡನ್ನು ಬಿಡುವುದಿಲ್ಲ: ಎದ್ದ ಕೂಡಲೇ ಹಾಸಿಗೆ ಪಕ್ಕದಲ್ಲೇ ಸೇತುಬಂಧಾಸನ, ಮಧ್ಯಾಹ್ನ ಊಟಕ್ಕೆ ಮುಂಚೆ ಫಾಲ್ ಹಿಡಿದು ಗೋಮುಖಾಸನದ ಕೈ. ಬಲಗೈ ಮೇಲಿದ್ದಾಗ ಬೆರಳು ಈಗ ಕೂಡುತ್ತದೆ. ಎಡಗೈಗೆ ಇನ್ನೂ ಫಾಲ್ ಬೇಕು.