ಸೋತವರು ರಿಂಗಿನಿಂದ ಇಳಿಯುವವರೆಗೆ

ಬಾಕ್ಸಿಂಗ್ ನೋಡಲು ಆರಂಭಿಸಿದ ಮೊದಲ ವರ್ಷಗಳಲ್ಲಿ ನಾನೂ ಕೂಗುವವರ ಗುಂಪಿನಲ್ಲೇ ಇದ್ದೆ. ಸ್ಪರ್ಧಿಗಳು ಒಬ್ಬರನ್ನೊಬ್ಬರು ತಬ್ಬಿ ಹಿಡಿದರೆ ಹೀಯಾಳಿಸುತ್ತಿದ್ದೆ. ರೆಫರಿ ಪಂದ್ಯ ನಿಲ್ಲಿಸಿದರೆ ಮೋಸವೆಂದು ಗೊಣಗುತ್ತಿದ್ದೆ. ಈ ಚಾಳಿಯನ್ನು ಬಿಡಿಸಿದ್ದು, ತರಬೇತಿಗೆ ಸೇರಿದ ನಾಲ್ಕನೇ ತಿಂಗಳಲ್ಲಿ ನಾನೇ ಸೆಣಸಿದ ಮೂರು ಸುತ್ತುಗಳ ಸ್ಪಾರಿಂಗ್, ಅಂದರೆ ಅಭ್ಯಾಸದ ಸೆಣಸಾಟ. ತಲೆಗೆ ಹೆಡ್‌ಗಾರ್ಡ್, ಕೈಗೆ 16 ಔನ್ಸಿನ ಗ್ಲೌಸ್ ಇದ್ದವು. ಎದುರಿಗಿದ್ದವರು ನನ್ನನ್ನು ನೋಯಿಸಬೇಕೆಂಬ ಉದ್ದೇಶವೇ ಇಲ್ಲದ ಹಿರಿಯ ಬಾಕ್ಸರ್. ಆದರೂ ಮೂಗಿನ ಮೇಲೆ ನೇರವಾಗಿ ಬಿದ್ದ ಒಂದೇ ಹೊಡೆತಕ್ಕೆ ಕಣ್ಣಲ್ಲಿ ನೀರು ತುಂಬಿ ಅವರ ಮುಖವೇ ಮಸುಕಾಯಿತು. ಎರಡನೇ ಸುತ್ತಿನ ಮಧ್ಯದ ಹೊತ್ತಿಗೆ ಕೈಗಳನ್ನು ಗಲ್ಲದ ಮಟ್ಟಕ್ಕೆ ಎತ್ತಿ ಹಿಡಿಯುವುದೇ ಕಷ್ಟವಾಯಿತು. ಆಗ ನಾನು ಮಾಡಿದ್ದು, ಅವರನ್ನು ತಬ್ಬಿ ಹಿಡಿದದ್ದು.

ಅಂದಿನಿಂದ ತಬ್ಬಿ ಹಿಡಿದವರನ್ನು ಹೀಯಾಳಿಸಿಲ್ಲ. ಆದರೆ ಹಿಂದೆ ಸರಿದವರನ್ನು ಹೇಡಿ ಎನ್ನುವ ನಾಲಿಗೆಯನ್ನು ತಿದ್ದಿಕೊಳ್ಳಲು ಹೆಚ್ಚು ಕಾಲ ಹಿಡಿಯಿತು. 2020ರ ನವೆಂಬರಿನಲ್ಲಿ ಬ್ರಿಟನ್ನಿನ ಬಾಕ್ಸರ್ ಜೋ ಜಾಯ್ಸ್ ಎದುರು ಅದೇ ದೇಶದ ಡೇನಿಯಲ್ ಡುಬಾಯ್ಸ್ ಹತ್ತನೇ ಸುತ್ತಿನಲ್ಲಿ ಮಂಡಿಯೂರಿ, ರೆಫರಿ ಹತ್ತರವರೆಗೆ ಎಣಿಸಿ ಮುಗಿಸುವವರೆಗೂ ಏಳಲಿಲ್ಲ. ಅವರಿಗೆ ಕೆಚ್ಚಿಲ್ಲವೆಂದು ಹಲವರು ಜರೆದರು. ಅವರ ಎಡಗಣ್ಣಿನ ಸುತ್ತಲಿನ ಮೂಳೆ ಮುರಿದಿತ್ತು. ಅದನ್ನು ಓದಿದಾಗ ನನಗೆ ನೆನಪಾದದ್ದು ದಕ್ಷಿಣ ಕೊರಿಯಾದ ಬಾಕ್ಸರ್ ಕಿಮ್ ಡಕ್ ಕೂ. 1982ರ ನವೆಂಬರಿನಲ್ಲಿ ಅಮೆರಿಕದ ರೇ ಮ್ಯಾನ್ಸಿನಿ ಎದುರು ಹದಿನಾಲ್ಕನೇ ಸುತ್ತಿನವರೆಗೂ ಹಿಂಜರಿಯದೆ ಸೆಣಸಿದ ಅವರು ಮೆದುಳಿನ ಪೆಟ್ಟಿನಿಂದ ಕೆಲವೇ ದಿನಗಳಲ್ಲಿ ತೀರಿಕೊಂಡರು; ಆ ಬಳಿಕ ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ ತನ್ನ ಪ್ರಶಸ್ತಿ ಪಂದ್ಯಗಳನ್ನು 15 ಸುತ್ತುಗಳಿಂದ 12ಕ್ಕೆ ಇಳಿಸಿತು. ಎಷ್ಟು ಸಹಿಸಿದರೆ ಸಾಕು ಎಂಬುದನ್ನು ಕುರ್ಚಿಯಲ್ಲಿ ಕುಳಿತ ನಾನು ತೀರ್ಮಾನಿಸುವುದು ತಪ್ಪೆಂದು ನನಗೆ ಖಚಿತವಾದದ್ದು ಈ ಇಬ್ಬರನ್ನು ಒಟ್ಟಿಗೆ ಯೋಚಿಸಿದಾಗಲೇ.

ಈಗ ಕಾರ್ನರಿನವರು, ಅಂದರೆ ರಿಂಗಿನ ಮೂಲೆಯಲ್ಲಿ ಬಾಕ್ಸರನ್ನು ನೋಡಿಕೊಳ್ಳುವ ತರಬೇತುದಾರರು, ಪಂದ್ಯ ನಿಲ್ಲಿಸಿದರೆ ಮೊದಲ ಚಪ್ಪಾಳೆ ಅವರಿಗೇ ತಟ್ಟುತ್ತೇನೆ. ತಮ್ಮ ಬಾಕ್ಸರಿನ ಬೈಗುಳಕ್ಕೆ ಸಿದ್ಧರಾಗಿಯೇ ಅವರು ಆ ನಿರ್ಧಾರಕ್ಕೆ ಬಂದಿರುತ್ತಾರೆ. ಪ್ರಜ್ಞೆ ತಪ್ಪಿ ಬಿದ್ದವರ ವಿಡಿಯೋವನ್ನು ನಾನು ಯಾರಿಗೂ ಕಳಿಸುವುದಿಲ್ಲ. ಗೆದ್ದವರ ಕೈಯನ್ನು ರೆಫರಿ ಮೇಲೆತ್ತಿದ ಕೂಡಲೇ ಜನ ಎದ್ದು ಬಾಗಿಲಿನತ್ತ ಹೊರಡುತ್ತಾರೆ. ಸೋತವರು ಹಗ್ಗಗಳ ನಡುವಿನಿಂದ ಬಗ್ಗಿ ಹೊರಬಂದು ಮೆಟ್ಟಿಲಿಳಿಯುವವರೆಗೆ ನಾನು ನಿಂತೇ ಇರುತ್ತೇನೆ.

ಒಮ್ಮೆ ಆರು ಸುತ್ತುಗಳ ಪಂದ್ಯದಲ್ಲಿ ಸೋತ ಹುಡುಗನೊಬ್ಬ ಗೋಡೆಯ ಬದಿಯ ಬೆಂಚಿನ ಮೇಲೆ ಕುಳಿತಿದ್ದ. ತರಬೇತುದಾರರು ಅವನ ಕೈಯ ಪಟ್ಟಿಯನ್ನು ಕತ್ತರಿಯಿಂದ ಮಣಿಕಟ್ಟಿನ ಕಡೆಯಿಂದ ನಿಧಾನವಾಗಿ ಸೀಳುತ್ತಿದ್ದರು. ಪಟ್ಟಿ ಕಳಚಿದಾಗ ಗೆಣ್ಣುಗಳು ಊದಿ ಕೆಂಪಾಗಿದ್ದವು, ಬೆರಳುಗಳು ಇನ್ನೂ ನಡುಗುತ್ತಿದ್ದವು. ನಾನು ಮುಂದೆ ಚಾಚಿದ್ದ ಕೈಯನ್ನು ಹಿಂದೆಗೆದುಕೊಂಡೆ. ಪಂದ್ಯ ಮುಗಿಸಿ ಬಂದವರ ಕೈ ಕುಲುಕಬಾರದೆಂದು ಕಲಿತದ್ದು ಅಂದೇ. ಚೆನ್ನಾಗಿ ಸೆಣಸಿದಿರಿ ಎಂದಷ್ಟೇ ಹೇಳಿದೆ.

ಅವನು ಊದಿಕೊಂಡ ಕಣ್ಣನ್ನು ಕಷ್ಟಪಟ್ಟು ತೆರೆದು, "ಸರ್, ಐದನೇ ಸುತ್ತು ನೋಡಿದಿರಾ?" ಎಂದು ಕೇಳಿದ.

ನೋಡಿದ್ದೆ. ಪಕ್ಕೆಗೆ ಕೊಟ್ಟ ಆ ಎಡಗೈ ಹೊಡೆತದಿಂದ ಎದುರಾಳಿ ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ಹೇಳಿದೆ. ಅವನು ತರಬೇತುದಾರರ ಮುಖ ನೋಡಿದ. ಅವರು ತಲೆಯಾಡಿಸಿ ಇನ್ನೊಂದು ಕೈಯ ಪಟ್ಟಿಗೆ ಕತ್ತರಿ ಹಾಕಿದರು.