ಅ ಆ ಇ ಈ ಬಿಟ್ಟು ಬಸ್ ಬೋರ್ಡಿನಿಂದ ಓದು ಕಲಿಸಿದೆ

ಹೊಲಕ್ಕೆ ಹೋಗುವ ಹೆಂಗಸರಿಗೆ ಪ್ರೈಮರ್, ಅಂದರೆ ಅಕ್ಷರ ಕಲಿಸುವ ಪುಸ್ತಕ, ಇಲ್ಲದೆ ಓದು ಕಲಿಸಬಹುದು ಎಂದಾಗ ನನ್ನ ಹಾಗೆ ದೊಡ್ಡವರಿಗೆ ಓದು ಕಲಿಸುವ ಜೊತೆಯ ಪ್ರೇರಕರೇ ನಂಬಲಿಲ್ಲ. ಈಗ ಅವರಲ್ಲಿ ಮೂರ್ನಾಲ್ಕು ಜನ ಅದೇ ದಾರಿ ಹಿಡಿದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಯಾದಗಿರಿ ಜಿಲ್ಲೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿತ್ತು, ನಮ್ಮದು ಶೇ. 52 ಕೂಡ ಮುಟ್ಟಿರಲಿಲ್ಲ. ಕೇಂದ್ರದ ವಯಸ್ಕರ ಸಾಕ್ಷರತೆ ಯೋಜನೆ ‘ಸಾಕ್ಷರ ಭಾರತ’ದ ಕಾಲಕ್ಕೆ ಪ್ರೇರಕಿಯಾಗಿ ಸೇರಿದೆ. ಗೌರವಧನ ತಿಂಗಳಿಗೆ 2,000 ರೂಪಾಯಿ. ಅದರಲ್ಲಿ ಇನ್ನೂರು ಮುನ್ನೂರು ಜೆರಾಕ್ಸ್‌ಗೇ ಹೋಗುತ್ತಿತ್ತು.

ದೊಡ್ಡ ತೊಂದರೆ ಗುಳೆ. ತೊಗರಿ ರಾಶಿ ಮುಗಿದರೆ ಅರ್ಧ ಕ್ಲಾಸು ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ. ಪ್ರೈಮರ್‌ನಲ್ಲಿ ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಕಲಿಯುವವರೇ ಇರುತ್ತಿರಲಿಲ್ಲ. ವಾಪಸ್ ಬಂದಾಗ ಮತ್ತೆ ಮೊದಲಿಂದ. ಹಾಗಾಗಿ ಕೆಲವೇ ವಾರದಲ್ಲಿ ಕೈಗೆ ಸಿಗುವ ಓದು ಬೇಕಿತ್ತು.

ನಮ್ಮ ಬಸ್ ಬೋರ್ಡುಗಳನ್ನು ನೋಡಿ. ಯಾದಗಿರಿ, ಸುರಪುರ, ಶಹಾಪುರ, ಕಲಬುರಗಿ, ರಾಯಚೂರು. ಒಂದರಲ್ಲೂ ಒತ್ತಕ್ಷರ ಇಲ್ಲ! ಐದು ಹೆಸರಲ್ಲಿ ಹನ್ನೆರಡು ವ್ಯಂಜನ, ನಾಲ್ಕೇ ನಾಲ್ಕು ಕಾಗುಣಿತದ ಗುರುತು. ಹೆಸರು ಮೊದಲೇ ಬಾಯಲ್ಲಿದೆ, ಕಣ್ಣಿಗೆ ಹಿಡಿಸಿದರೆ ಸಾಕು. ಇದನ್ನು ಕಂಡುಕೊಂಡದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆ ಇದೆ. ಯಾವ ಹೆಸರಿನ ನಂತರ ಯಾವುದು ಅನ್ನುವ ಕ್ರಮ ಮಾತ್ರ ನನ್ನ ಹತ್ತಿರವೇ ಇರಲಿ.

ಅಲ್ಲಿಂದ ನೇರ ನರೇಗಾ ಫಾರಂ ನಂಬರ್ 6, ಅಂದರೆ ಕೆಲಸ ಕೇಳುವ ಅರ್ಜಿ. ಕೆಲಸ ಕೇಳಿ 15 ದಿನದಲ್ಲಿ ಕೊಡದಿದ್ದರೆ ನಿರುದ್ಯೋಗ ಭತ್ಯೆ ಎಂದು 2005ರ ಕಾಯ್ದೆಯಲ್ಲಿತ್ತು. ಅದಕ್ಕೆ ತಾರೀಖು ಹಾಕಿದ ರಸೀದಿ ಬೇಕು. ಖಾಲಿ ಫಾರಂಗೆ ಹೆಬ್ಬೆಟ್ಟು ಒತ್ತಿದವರಿಗೆ ರಸೀದಿ ಎಲ್ಲಿಂದ ಬರಬೇಕು? ಹೆಸರು, ಊರು, ತಾರೀಖು, ಇಷ್ಟೇ ಕಲಿಸಿದೆ. ಅಂಕಿ ಕೂಡ ೧, ೨, ೩ ಬಿಟ್ಟು 1, 2, 3 ಮೊದಲು. ಪಾಸ್‌ಬುಕ್ಕಿನಲ್ಲಿ ಇರುವುದು ಅದೇ ಅಲ್ವಾ? ಸುಮಾರು ಇಪ್ಪತ್ತೈದು ಜನ ಹೆಂಗಸರಲ್ಲಿ ಹದಿನೇಳು ಹದಿನೆಂಟು ಜನ ಎರಡು ತಿಂಗಳಲ್ಲಿ ತಮ್ಮ ಫಾರಂ ತಾವೇ ತುಂಬಿದರು.

ಬ್ಯಾಂಕಿನ ಹಣ ತೆಗೆಯುವ ಚೀಟಿಯಿಂದ ಶುರು ಮಾಡಿದ ತಂಡ ಮಾತ್ರ ಪೂರ್ತಿ ಬಿದ್ದುಹೋಯಿತು. ಮೊತ್ತವನ್ನು ಅಕ್ಷರದಲ್ಲಿ ಬರೆಯುವ ಕಡೆ ಎಲ್ಲರೂ ನಿಂತುಬಿಟ್ಟರು. ಗೋಡೆಗೆ ದೊಡ್ಡ ಅಕ್ಷರದ ಚಾರ್ಟು ಅಂಟಿಸಿ ನೋಡಿದೆ. ಎಂಟುನೂರು ರೂಪಾಯಿ ಸುಮ್ನೆ ಹೋಯಿತು.

ಈಗ ನಾನು ಮಾಡುವ ಸರಳ ಬರವಣಿಗೆಯ ಕೆಲಸ, ಅಂದರೆ ನೋಟಿಸಿನಂಥವನ್ನು ಎಲ್ಲರಿಗೂ ತಿಳಿಯುವಂತೆ ಬರೆದುಕೊಡುವುದು, ಸಿಕ್ಕಿದ್ದು ಇದೇ ಹೆಂಗಸರಿಂದ. ಒಂದು ಸಹಕಾರ ಸಂಘದ ಸಾಲದ ನೋಟಿಸು ಬಂತು. ಓದಿದರು, ತಲೆಗೆ ಹೋಗಲಿಲ್ಲ. ಕಷ್ಟದ ಪದ ತೆಗೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅಸಲು, ಬಡ್ಡಿ, ಕಂತು, ಜಾಮೀನು ಇವರಿಗೆ ನನಗಿಂತ ಚೆನ್ನಾಗಿ ಗೊತ್ತು. ತೊಂದರೆ ಇದ್ದದ್ದು ನಲವತ್ತು ಪದದ ಒಂದೇ ವಾಕ್ಯದಲ್ಲಿ. ಕ್ರಿಯಾಪದ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಜೊತೆಗೆ ‘ಜರುಗಿಸಲಾಗುವುದು’ ಎಂದರೆ ಯಾರು, ಯಾವಾಗ, ಒಂದೂ ತಿಳಿಯುವುದಿಲ್ಲ. ನಾನು ಬರೆದದ್ದು: ‘ನಿಮ್ಮ 3 ಕಂತು ಬಾಕಿ ಇದೆ. ಒಟ್ಟು 2,400 ರೂಪಾಯಿ. ಏಳು ದಿನದೊಳಗೆ ಸಂಘಕ್ಕೆ ಬಂದು ಕಟ್ಟಿ. ಕಷ್ಟ ಇದ್ದರೆ ಬಂದು ಮಾತಾಡಿ.’

ಇದು ಕಾನೂನಿಗೆ ನಿಲ್ಲಲ್ಲ ಎಂದರು ಸಂಘದವರು. ವಕೀಲರಿಗೆ ತೋರಿಸಿ ಒಪ್ಪಿಗೆ ತಂದೆ. ಮೊದಲು ನೋಟಿಸು ಸಿಕ್ಕ ಹತ್ತರಲ್ಲಿ ಮೂರು ಜನ ಸಂಘಕ್ಕೆ ಬರುತ್ತಿದ್ದರೆ ಆಮೇಲೆ ಆರೇಳು ಜನ ಬಂದರು. ಆಗ ಪುಟಕ್ಕೆ 300 ರೂಪಾಯಿ ಸಿಕ್ಕಿತು, ಈಗ 1,500ರ ತನಕ ಕೇಳುತ್ತೇನೆ. ಕೊಡುತ್ತಾರೆ.

ಪರೀಕ್ಷೆ ಮಾಡದೆ ಒಂದು ಪುಟವನ್ನೂ ಕೊಡುವುದಿಲ್ಲ. ಐದು ಜನರಿಂದ ಗಟ್ಟಿಯಾಗಿ ಓದಿಸುತ್ತೇನೆ. ‘ಅರ್ಥ ಆಯ್ತಾ?’ ಎಂದು ಕೇಳಲೇಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಯಕ್ಕಾ, ಇದು ನಿನ್ನ ಮನಿಗೆ ಬಂದ್ರ ನಾಳಿ ಮುಂಜಾನೆ ಏನ್ ಮಾಡ್ತಿ?’ ಎಂದು ಕೇಳಿ. ಅವರು ತಡವರಿಸಿದ ಜಾಗದಲ್ಲೇ ವಾಕ್ಯ ಮುರಿಯಬೇಕು. ಎರಡನೇ ಪ್ರಶ್ನೆ ಒಂದಿದೆ, ಅದು ನನ್ನ ಹೊಟ್ಟೆಪಾಡು, ಇಲ್ಲಿ ಹೇಳುವುದಿಲ್ಲ.

ಸದ್ಯ ಗುಳೆ ಹೋದವರಿಗೆ ವಾಟ್ಸಾಪ್‌ನಲ್ಲಿ ದಿನಕ್ಕೊಂದು ಸಾಲು ಕಳಿಸುತ್ತಿದ್ದೇನೆ, ಅವರು ಓದಿ ದನಿ ಕಳಿಸಬೇಕು. ಅರ್ಧ ಜನ ಕಳಿಸುತ್ತಾರೆ. ಉಳಿದವರ ಫೋನು ಗಂಡನ ಕೈಲಿ ಇರುತ್ತದೆ. ಅದಕ್ಕೆ ಇನ್ನೂ ದಾರಿ ಹುಡುಕುತ್ತಿದ್ದೇನೆ.