ಹೆಸರು ಗೊತ್ತಿಲ್ಲದ ಹಕ್ಕಿಗೂ ಒಂದು ಸಾಲು

ಜನವರಿಯ ಒಂದು ಮುಂಜಾನೆ, ಕಾಸರಗೋಡಿನ ಕುಂಬಳೆ ಸಮೀಪದ ಕಿದೂರಿನ ಪದವಿನಲ್ಲಿ (ಮುರಕಲ್ಲಿನ ಬಯಲಿನಲ್ಲಿ), ಕಂಡ ಹಕ್ಕಿಗಳನ್ನು ಬರೆದಿಡಲು ನಾನು ಕಟ್ಟಿದ ಹಕ್ಕಿ ಆ್ಯಪ್‌ನ ಮೊದಲ ಆವೃತ್ತಿಯನ್ನು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಕೈಗೆ ಕೊಟ್ಟಿದ್ದೆ. ಒಣಹುಲ್ಲಿನಿಂದ ಕಂದು ಬಣ್ಣದ ಹಕ್ಕಿಯೊಂದು ಎದ್ದು ಹತ್ತು ಮಾರು ಆಚೆ ಇಳಿಯಿತು. ಅವಳು ಆ್ಯಪ್ ತೆರೆದಳು. ‘ಹಕ್ಕಿಯ ಹೆಸರು’ ಎಂಬ ಖಾಲಿ ಚೌಕ ಬಂತು. ಸ್ವಲ್ಪ ಹೊತ್ತು ಅದನ್ನೇ ನೋಡಿ ಮೊಬೈಲನ್ನು ಚೀಲಕ್ಕೆ ಹಾಕಿದಳು. ಕೇಳಿದಾಗ ಹೇಳಿದಳು: ಗುಬ್ಬಿಗಿಂತ ತುಸು ದೊಡ್ಡದು, ಹಾರುವಾಗ ಬಾಲದ ಅಂಚು ಬಿಳಿ, ನೆಲದ ಮೇಲೆ ಕುಪ್ಪಳಿಸುವುದಿಲ್ಲ, ಓಡುತ್ತದೆ. ಇಷ್ಟು ಕಂಡವಳಿಂದ ನನ್ನ ಆ್ಯಪ್ ಒಂದಕ್ಷರವನ್ನೂ ಬರೆಸಿಕೊಂಡಿರಲಿಲ್ಲ.

ಹಾಗಾಗಿ ನೀವು ಆ್ಯಪ್ ಕಟ್ಟುವುದಾದರೆ ಮೊದಲ ಪರದೆಯಲ್ಲಿ ಹೆಸರು ಕೇಳಬೇಡಿ. 2014ರಲ್ಲಿ ಬಂದ, ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್ ಆ್ಯಪ್ ಹೊಸಬರನ್ನು ಕೇಳಿದ್ದು ಐದೇ ಪ್ರಶ್ನೆ: ಎಲ್ಲಿ, ಯಾವಾಗ, ಎಷ್ಟು ದೊಡ್ಡದು, ಯಾವ ಬಣ್ಣ, ಏನು ಮಾಡುತ್ತಿತ್ತು. ಮೊದಲಿನ ಎರಡನ್ನು ಫೋನೇ ತಿಳಿದುಕೊಳ್ಳುತ್ತದೆ. ಗಾತ್ರವನ್ನು ಸೆಂಟಿಮೀಟರಿನಲ್ಲಿ ಕೇಳದೆ ಗುಬ್ಬಿ, ಗೊರವಂಕ, ಕಾಗೆ, ಗರುಡ ಎಂಬ ನಾಲ್ಕು ಚಿತ್ರಗಳಲ್ಲಿ ಕೇಳಿ. ಕೊನೆಗೆ, ಉಳಿದ ಗುಂಡಿಗಳಷ್ಟೇ ದೊಡ್ಡದಾಗಿ ‘ಗೊತ್ತಿಲ್ಲ’ ಎಂಬ ಗುಂಡಿ ಇರಲಿ. ಅದನ್ನು ಒತ್ತಿದರೂ ಸಾಲು ಉಳಿಯಬೇಕು. ನನ್ನ ಆ್ಯಪ್‌ನಲ್ಲಿ ಈ ಸಾಲುಗಳು ಸಂಜೆ ಅನುಭವಿಗಳ ಪರದೆಗೆ ಹೋಗುತ್ತವೆ. ಅವರು ಬಿಡುವಿನಲ್ಲಿ ನೋಡಿ ಉತ್ತರಿಸುತ್ತಾರೆ. ಅನುಭವಿಗಳಿಗೂ ಈ ಗುಂಡಿ ಬೇಕು. ದೂರದಲ್ಲಿ ಹಾರಿಹೋದುದನ್ನು ‘ಯಾವುದೋ ಪಿಪಿಟ್’ (ಒಂದನ್ನೊಂದು ಹೋಲುವ ಕಂದು ಹಕ್ಕಿಗಳ ಗುಂಪು) ಎಂದು ಬರೆಯುವುದು ಊಹೆಯ ಹೆಸರಿಗಿಂತ ಎಷ್ಟೋ ಮೇಲು. ಹೊಸಬರಿಗೊಂದು, ಹಳಬರಿಗೊಂದು ಎಂದು ಎರಡು ಆ್ಯಪ್ ಮಾಡುವ ಯೋಚನೆಯನ್ನು ನಾನು ಅಲ್ಲಿಗೇ ಬಿಟ್ಟೆ. ಪಟ್ಟಿ ಒಂದೇ, ಹಳಬರಿಗೆ ನಾಲ್ಕಕ್ಷರ ಒತ್ತಿದರೆ ಹೆಸರು ಬರುವ ವೇಗದ ದಾರಿಯೊಂದನ್ನು ಸೇರಿಸಿದರೆ ಸಾಕು.

ಇನ್ನು ಹೆಸರುಗಳು. ನಮ್ಮ ಕಾಸರಗೋಡನ್ನು ಸಪ್ತಭಾಷೆಗಳ ನಾಡು ಎನ್ನುತ್ತಾರೆ. ಹಕ್ಕಿ ಆ್ಯಪ್‌ಗೆ ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ. ನಾವು ಕೆಂಬೂತ ಎನ್ನುವುದನ್ನು ಮಲಯಾಳದಲ್ಲಿ ಚೆಂಬೋತ್ ಎನ್ನುತ್ತಾರೆ, ತುಳುವಿನಲ್ಲಿ ಕುಪ್ಪುಳು. ಬೆಳಗ್ಗೆ ಬಾವಿಕಟ್ಟೆಯ ಮೇಲೆ ಬಾಲ ಎತ್ತಿ ಹಾಡುವ ಕಪ್ಪು ಬಿಳುಪಿನ ಹಕ್ಕಿ ಕನ್ನಡದಲ್ಲಿ ಮಡಿವಾಳ. ಮಲಯಾಳದ ಹೆಸರಾದ ಮಣ್ಣಾತ್ತಿಪುಳ್ಳ್‌ನಲ್ಲಿರುವ ಮಣ್ಣಾತ್ತಿಯೂ ಬಟ್ಟೆ ಒಗೆಯುವವಳೇ. ಎರಡು ಭಾಷೆಯವರು ಒಂದೇ ಹಕ್ಕಿಯಲ್ಲಿ ಒಂದೇ ಕಸುಬನ್ನು ಕಂಡಿದ್ದಾರೆ. ಇಂಥದ್ದನ್ನು ಓದಿದ ಮಕ್ಕಳು ಮನೆಯಲ್ಲಿ ಅಜ್ಜಿಯನ್ನು ಕೇಳಿ ಇನ್ನೊಂದು ಹೆಸರು ತರುತ್ತಾರೆ. ಅದಕ್ಕೆ ನಿಮ್ಮ ದತ್ತಾಂಶದಲ್ಲಿ ಜಾಗ ಮಾಡಿ: ಪ್ರತಿ ಹಕ್ಕಿಗೆ ಎಂದೂ ಬದಲಾಗದ ಒಂದು ಸಂಕೇತ, ಹೆಸರುಗಳಿಗೆ ಪ್ರತ್ಯೇಕ ಕೋಷ್ಟಕ, ಒಂದು ಹಕ್ಕಿಗೆ ಎಷ್ಟು ಹೆಸರಾದರೂ ಸರಿ. ವೈಜ್ಞಾನಿಕ ಹೆಸರನ್ನೇ ಆ ಸಂಕೇತವಾಗಿ ಇಟ್ಟುಕೊಳ್ಳಬೇಡಿ. ವರ್ಗೀಕರಣ ಪರಿಷ್ಕಾರವಾಗುತ್ತಲೇ ಇರುತ್ತದೆ, ಹಳೆಯ ಪಟ್ಟಿಗಳು ಅನಾಥವಾಗುತ್ತವೆ.

ಹುಡುಕಾಟದಲ್ಲಿ ನನ್ನನ್ನು ಎರಡು ದಿನ ಕಾಡಿದ್ದು ಕೊಕ್ಕರೆ. ಒಂದು ಫೋನಿನಲ್ಲಿ ಸಿಗುತ್ತಿತ್ತು, ಇನ್ನೊಂದರಲ್ಲಿ ಇಲ್ಲ. ಕಾರಣ ‘ಕೊ’. ಅಕ್ಷರಗಳಿಗೆ ಗಣಕದ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಉಳಿಸುವಾಗಲೂ ಹುಡುಕುವಾಗಲೂ ಪಠ್ಯವನ್ನು, ಜೋಡಿ ಚಿಹ್ನೆಗಳನ್ನು ಒಂದೇ ಸಂಕೇತವಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತಂದುಕೊಂಡರೆ ಕೊಕ್ಕರೆ, ಗೊರವಂಕ, ಕೋಗಿಲೆ ಎಲ್ಲವೂ ಸಿಗುತ್ತವೆ.

ಪಟ್ಟಿಯ ವಿಷಯದಲ್ಲಿ ಒಂದು ಮಾತನ್ನು ಬಿಡುವಂತಿಲ್ಲ. 2002ರಲ್ಲಿ ಆರಂಭವಾದ, ಹಕ್ಕಿ ಪಟ್ಟಿಗಳನ್ನು ಸಂಗ್ರಹಿಸುವ ಜಾಲತಾಣ ಇಬರ್ಡ್ ‘ನಿಮಗೆ ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ’ ಎಂದು ಕೇಳುತ್ತದೆ. ನವರಂಗದಂಥ ಬಣ್ಣಬಣ್ಣದ ಹಕ್ಕಿ ಕಂಡಾಗ ಮಾತ್ರ ಬರೆದು ಕಾಗೆಯನ್ನು ಬಿಟ್ಟರೆ ಮುಂದೆ ಕಾಗೆ ಕಡಿಮೆಯಾದಾಗ ಗೊತ್ತೇ ಆಗುವುದಿಲ್ಲ. ಹೌದು ಎಂಬ ಉತ್ತರವಿದ್ದರೆ ಕಾಣದ ಹಕ್ಕಿಯೂ ಮಾಹಿತಿಯಾಗುತ್ತದೆ. 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ನಡೆದಾಡಿ ರೂಪಿಸಿದ ಕೇರಳದ ಹಕ್ಕಿ ಅಟ್ಲಾಸ್ ನಿಂತಿರುವುದೂ ಇಂಥ ಸಾಮಾನ್ಯ ಪಟ್ಟಿಗಳ ಮೇಲೆಯೇ. ಆದ್ದರಿಂದ ಕಾಗೆಯನ್ನು ಒಂದೇ ಒತ್ತಿನಲ್ಲಿ ಬರೆಯುವಂತಿರಲಿ. ಆರಂಭದ ಸಮಯ ಮತ್ತು ನಡೆದ ದೂರವನ್ನು ಆ್ಯಪ್ ತಾನೇ ಬರೆದುಕೊಳ್ಳಲಿ.

ಅಡಿಕೆ ತೋಟದ ತಗ್ಗಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ. ನನ್ನ ಮೊದಲ ಆವೃತ್ತಿ ನೆಟ್‌ವರ್ಕ್ ಕಾಯುತ್ತಾ ಕೂತು, ಹುಡುಗನೊಬ್ಬ ಬರೆದ 31 ಹಕ್ಕಿಗಳ ಪಟ್ಟಿಯನ್ನು ಕಳೆಯಿತು. ಅವನ ಮುಖ ನನಗೆ ಇನ್ನೂ ನೆನಪಿದೆ. ಒತ್ತಿದ ಕ್ಷಣವೇ ಫೋನಿನಲ್ಲಿ ಉಳಿಸಿ, ಕಳುಹಿಸುವುದು ಆಮೇಲೆ. ಚಿತ್ರ, ದನಿಗಳನ್ನು ಜಿಲ್ಲೆಯ ಮಟ್ಟಿಗೆ ಮೊದಲೇ ಇಳಿಸಿಕೊಳ್ಳುವ ಏರ್ಪಾಡು ಇರಲಿ.

ದನಿಯಿಂದ ಗುರುತಿಸುವ ಸೌಲಭ್ಯ ಹೊಸಬರಿಗೆ ದೊಡ್ಡ ಆಸರೆ. ಆದರೆ ಆ್ಯಪ್ ಸೂಚಿಸಿದ ಹೆಸರು ತಾನಾಗಿ ಪಟ್ಟಿಗೆ ಸೇರಬಾರದು. ನಮ್ಮ ತೋಟಗಳ ಭೀಮರಾಜ ಹತ್ತಾರು ಹಕ್ಕಿಗಳ ಕೂಗನ್ನು ಅನುಕರಿಸುತ್ತದೆ. ಯಂತ್ರ ನಂಬಿದರೂ ಕೊಂಬೆಯತ್ತ ಕತ್ತೆತ್ತಿದವರು ನಂಬುವುದಿಲ್ಲ. ಸೂಚನೆಯ ಕೆಳಗೆ ‘ಕಂಡೆ’, ‘ಕೇಳಿದೆ ಮಾತ್ರ’ ಎಂಬ ಎರಡು ಗುಂಡಿ ಸಾಕು. ಕೂಗನ್ನು ಜೋರಾಗಿ ಹಾಕಿ ಹಕ್ಕಿಯನ್ನು ಹತ್ತಿರ ಕರೆಯುವ ಸೌಲಭ್ಯವನ್ನು ಮಾತ್ರ ದಯವಿಟ್ಟು ಕೊಡಬೇಡಿ. ಮರಿ ಮಾಡುವ ಕಾಲದಲ್ಲಿ ಹಕ್ಕಿ ಎದುರಾಳಿ ಬಂದಿದೆಯೆಂದು ತಿಳಿದು ಗೂಡು ಬಿಟ್ಟು ಬರುತ್ತದೆ.

ಗೂಡಿನ ಜಾಗ ನಕ್ಷೆಯಲ್ಲಿ ಯಾರಿಗೂ ಕಾಣಬಾರದು. 2023ರಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದನ್ನು ಕಾಸರಗೋಡಿನ ಜಿಲ್ಲಾ ಪಕ್ಷಿಯೆಂದು ಘೋಷಿಸಿದರು. ಅದು ವರ್ಷ ವರ್ಷವೂ ಗೂಡಿಗಾಗಿ ಎತ್ತರದ ಅದೇ ಮರಕ್ಕೆ ಮರಳುವ ಹಕ್ಕಿ. ಬಿಂದು ಒಮ್ಮೆ ಬಯಲಾದರೆ ಮರವೂ ಬಯಲಾದಂತೆಯೇ. ನಾನು ಗ್ರಾಮದ ಹೆಸರಷ್ಟನ್ನೇ ತೋರಿಸುತ್ತೇನೆ, ಫೋಟೊದೊಳಗೆ ಅಡಗಿರುವ ಸ್ಥಳ ಮಾಹಿತಿಯನ್ನೂ ಅಳಿಸುತ್ತೇನೆ.

ಕಳೆದ ಏಪ್ರಿಲ್‌ನಲ್ಲಿ ಅದೇ ಪದವಿನಲ್ಲಿ ಹಳದಿ ಟಿಟ್ಟಿಭವೊಂದು ನಮ್ಮ ಮುಂದೆ ಕೂಗುತ್ತಾ ಓಡತೊಡಗಿತು. ಅದೇ ಹುಡುಗಿ ಮೊದಲು ನಿಂತಳು. ಅವಳ ಚಪ್ಪಲಿಯಿಂದ ಎರಡು ಗೇಣು ದೂರದಲ್ಲಿ, ಬರಿ ನೆಲದ ಮೇಲೆ, ಮುರಕಲ್ಲಿನ ಹರಳಿನದೇ ಬಣ್ಣದ ನಾಲ್ಕು ಮೊಟ್ಟೆಗಳಿದ್ದವು. ಕಣ್ಣು ಸ್ವಲ್ಪ ಸರಿದರೆ ಮತ್ತೆ ಹುಡುಕಬೇಕಾಗುತ್ತಿತ್ತು. ಎಲ್ಲರ ಕೈಯೂ ಫೋನಿಗೆ ಹೋಯಿತು, ಬಿಸಿಲು ಏರುತ್ತಿತ್ತು, ಹಕ್ಕಿ ಮೊಟ್ಟೆ ಬಿಟ್ಟು ಹೊರಗೇ ಇತ್ತು. ಅಂದಿನಿಂದ ‘ಗೂಡು’ ಎಂದು ಒತ್ತಿದ ಕೂಡಲೇ ನನ್ನ ಆ್ಯಪ್‌ನಲ್ಲಿ ಕ್ಯಾಮೆರಾ ಮುಚ್ಚಿಕೊಳ್ಳುತ್ತದೆ. ಪರದೆಯ ಮೇಲೆ ಒಂದೇ ಸಾಲು ಬರುತ್ತದೆ: ‘ಬಂದ ಹೆಜ್ಜೆಯಲ್ಲೇ ಹಿಂದಿರುಗಿ.’